ಎತ್ತಿನ ವ್ಯಾಗನ್ ಹತ್ತಿ ಅಮೆರಿಕದ ಪಶ್ಚಿಮಕ್ಕೆ ಹೋದ ಮುತ್ತಜ್ಜಿಗೆ ಸ್ವಾತಂತ್ರ್ಯ ಸಿಕ್ತಾ?

ಪರ

ಆಗ ಹೊಸ ಜಮೀನು ಹುಡುಕಿ ಹೋದ ಹೆಂಗಸರಿಗೆ ಸಿಕ್ತು, ನನಗಂತೂ ಡೌಟೇ ಇಲ್ಲ. 1862ರಲ್ಲಿ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ ನೋಡಿ, 21 ತುಂಬಿದ ಅಮೆರಿಕದ ಪ್ರಜೆ ಯಾರೇ ಆಗ್ಲಿ ಅರ್ಜಿ ಹಾಕಿ 160 ಎಕರೆ ತಗೋಬಹುದಿತ್ತು, ಐದು ವರ್ಷ ಅಲ್ಲೇ ಇದ್ದು ಉತ್ತು ಬಿತ್ತಿ ತೋರಿಸಿದ್ರೆ ಜಮೀನು ಸ್ವಂತ. ಗಂಡಸೇ ಆಗಿರ್ಬೇಕು ಅಂತ ಎಲ್ಲೂ ಇಲ್ಲ. ಮದುವೆ ಆಗದವಳು, ವಿಧವೆ, ಡೈವೋರ್ಸ್ ಆದವಳು ಎಲ್ರೂ ಹಾಕಿದ್ರು. ಇನ್ನು ಓಟಿನ ವಿಷಯ, ಪಶ್ಚಿಮದ ವಯೋಮಿಂಗ್ ಆಗಿನ್ನೂ ರಾಜ್ಯ ಕೂಡ ಆಗಿರ್ಲಿಲ್ಲ, 1869ರಲ್ಲೇ ಹೆಂಗಸರಿಗೆ ಓಟು ಕೊಟ್ತು, ಇಡೀ ದೇಶಕ್ಕೆ ಬುದ್ಧಿ ಬಂದಿದ್ದು 1920ಕ್ಕೆ!

ನಾವು ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿದ್ದಾಗ ನಮ್ಮ ಓನರ್ ಒಬ್ರು ಅಜ್ಜಿ, ಬಾಡಿಗೆ ಕೊಡೋಕೆ ಹೋದ್ರೆ ಕಾಫಿ ಕುಡಿಸದೆ ಬಿಡೋರಲ್ಲ. ಒಂದ್ಸಲ ಬೀರುವಿಂದ ಪ್ಲಾಸ್ಟಿಕ್ ಕವರಲ್ಲಿಟ್ಟ ಹಳೇ ಕಾಗದ ತೆಗೆದು ಟೇಬಲ್ ಮೇಲೆ ಹರಡಿದ್ರು, ಮಡಿಕೆ ಇದ್ದ ಕಡೆಯೆಲ್ಲ ಹರಿದು ಹಿಂದಿನಿಂದ ಟೇಪ್ ಹಚ್ಚಿತ್ತು. ಅವರ ಅಜ್ಜಿಯ ಜಮೀನಿನ ಹಕ್ಕುಪತ್ರ. ಆಯಮ್ಮ ಹಳ್ಳಿ ಸ್ಕೂಲಲ್ಲಿ ಟೀಚರ್, ಮದುವೆಗೆ ಮುಂಚೇನೇ ಒಬ್ಳೇ ಹೋಗಿ ಜಮೀನು ಹಿಡಿದಿದ್ಲಂತೆ. ಅಲ್ಲಿ ಮರ ಇಲ್ಲ, ಹುಲ್ಲಿನ ಬೇರು ಸಮೇತ ಮಣ್ಣಿನ ಹೆಂಟೆ ಕೊಯ್ದು ಜೋಡಿಸಿ ಮನೆ ಕಟ್ಟೋದು, ಹೊರಗೆ ಮಳೆ ನಿಂತ್ರೂ ಒಳಗೆ ಸೂರು ಸೋರ್ತಾನೇ ಇರುತ್ತೆ, ಒಂದೊಂದ್ಸಲ ಹಾವೂ ಬೀಳುತ್ತೆ. ಒಲೆಗೆ ಒಣಗಿದ ಸಗಣಿ, ನಮ್ಮ ಬೆರಣಿ ಥರಾನೇ, ತಟ್ಟೋ ಕೆಲಸ ಒಂದಿಲ್ಲ ಅಷ್ಟೆ. ಅದೆಲ್ಲ ಇರ್ಲಿ, ನನ್ನ ಕಣ್ಣು ನಿಂತಿದ್ದು ಆ ಕಾಗದದ ಮೇಲಿನ ಹೆಸರಿನ ಹತ್ರ. ಅವಳದ್ದೊಂದೇ ಹೆಸರು. ಇಂಥವರ ಮಗಳು, ಇಂಥವರ ಹೆಂಡತಿ ಅಂತ ಏನೂ ಇಲ್ಲ! ನಮ್ಮಮ್ಮ ಮದುವೆ ಆದಾಗಿಂದ ಗದ್ದೇಲಿ ನಾಟಿ ಮಾಡಿದೋರು, ಅವರ ಹೆಸರು ಪಹಣೀಲಿ ಬಂದಿದ್ದು ಅಪ್ಪ ತೀರ್ಕೊಂಡು ಪೌತಿ ಖಾತೆ ಆದ್ಮೇಲೆ. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು?

ಅದು ಮೂಲನಿವಾಸಿಗಳ ನೆಲ ಅಲ್ವಾ ಅಂತ ಎದುರಿನವರು ಖಂಡಿತ ತೆಗೀತಾರೆ. ಹಾಗೆ ಹಿಂದೆ ಹಿಂದೆ ಹೋದ್ರೆ ಭೂಮಿ ಮೇಲೆ ಯಾರೂ ಮನೆ ಕಟ್ಟೋ ಹಾಗೇ ಇಲ್ಲ, ಎಲ್ರೂ ಮರ ಹತ್ತಿ ಕೂತ್ಕೋಬೇಕು. ಆಯಮ್ಮ ಕೋವಿ ಹಿಡಿದು ಹೋಗ್ಲಿಲ್ಲ, ಅರ್ಜಿ ಹಿಡಿದು ಹೋದ್ಲು.

ವಿರೋಧ

ಈ ಕಡೆ ಬರೆಯೋಕೆ ಯಾರೂ ಸಿಗ್ಲಿಲ್ಲ ಅಂತ ನನಗೆ ಅಂಟಿಸಿದ್ದಾರೆ. ಟೀಚರಮ್ಮನ ಕಥೆ ಚೆನ್ನಾಗಿದೆ, ನನಗೂ ಇಷ್ಟ ಆಯ್ತು. ಆದ್ರೆ ಎಲ್ರೂ ಟೀಚರಮ್ಮ ಅಲ್ವಲ್ಲ. ಗಂಡ ಜೊತೇಲಿದ್ದವಳು ಸಾಮಾನ್ಯವಾಗಿ ತನ್ನ ಹೆಸರಲ್ಲಿ ಆ ಅರ್ಜಿ ಹಾಕೋ ಹಾಗೇ ಇರ್ಲಿಲ್ಲ, ಮೇಲಿನ ಲೇಖಕರು ಇದನ್ನ ಮೆಲ್ಲಗೆ ನುಂಗಿಬಿಟ್ರು. ವಯೋಮಿಂಗಲ್ಲಿ ಗಂಡಸರ ಸಂಖ್ಯೆ ಮುಂದೆ ಹೆಂಗಸರು ತೀರಾ ಕಮ್ಮಿ, ಆ ಒಂದಿಷ್ಟು ಜನಕ್ಕೆ ಓಟು ಕೊಟ್ರೆ ಯಾರ ಗಂಟು ಹೋಗ್ತಿತ್ತು?

ಅಬಿಗೇಲ್ ಸ್ಕಾಟ್ ಡನಿವೇ ಅಂತ ಒಬ್ರು. 1852ರಲ್ಲಿ 17ರ ಹುಡುಗಿ, ಇಲಿನಾಯ್‌ನಿಂದ ಆರೆಗಾನ್‌ಗೆ ವ್ಯಾಗನ್‌ನಲ್ಲಿ ಹೊರಟಿದ್ದು. ದಾರಿಯ ದಿನಚರಿ ಬರೆಯೋ ಕೆಲಸ ಅಪ್ಪ ಇವಳಿಗೆ ವಹಿಸಿದ್ದ, ಹಾಗಾಗಿ ಅಮ್ಮ ಕಾಲರಾಕ್ಕೆ ಸತ್ತಿದ್ದನ್ನೂ ಇವಳೇ ಬರೀಬೇಕಾಯ್ತು. ಮುಂದೆ ಪುಟ್ಟ ತಮ್ಮನೂ ಹೋದ. ಮದುವೆ ಆದ್ಮೇಲೆ ಗಂಡ ಸ್ನೇಹಿತನ ಸಾಲಕ್ಕೆ ಜಾಮೀನು ನಿಂತ, ಫಾರ್ಮ್ ಕೈಬಿಟ್ಟು ಹೋಯ್ತು, ಆಮೇಲೆ ಅವನಿಗೆ ಆಕ್ಸಿಡೆಂಟ್ ಬೇರೆ. ಆರು ಮಕ್ಕಳನ್ನ ಸ್ಕೂಲು, ಟೋಪಿ ಅಂಗಡಿ ನಡೆಸಿ ಸಾಕಿದ್ದು ಈಕೆ. 1871ರಲ್ಲಿ ಸ್ವಂತ ಪತ್ರಿಕೆ ಶುರು ಮಾಡಿ ಓಟಿಗಾಗಿ ಹೊಡೆದಾಡಿದ್ರು, ಆರೆಗಾನ್‌ನಲ್ಲಿ ಸಿಕ್ಕಿದ್ದು 1912ಕ್ಕೆ, ಆಗ ವಯಸ್ಸು 78. ಪಶ್ಚಿಮಕ್ಕೆ ಹೋಗಿದ್ದಕ್ಕೇ ಸ್ವಾತಂತ್ರ್ಯ ಸಿಗೋದಾಗಿದ್ರೆ ಈ ಒದ್ದಾಟ ಯಾಕೆ ಬೇಕಿತ್ತು?

ಆಮೇಲೆ ಆ ಮರ ಹತ್ತೋ ಜೋಕು. ಆ ಹಕ್ಕುಪತ್ರ ನೆಬ್ರಾಸ್ಕದ್ದು ತಾನೇ, ಅದೇ ನೆಬ್ರಾಸ್ಕದಿಂದ 1877ರಲ್ಲಿ ಪಾಂಕಾ ಅನ್ನೋ ಮೂಲನಿವಾಸಿ ಜನರನ್ನ ಸೈನ್ಯ ಹೊರಡಿಸ್ತು, ದಾರೀಲಿ ಮುಖ್ಯಸ್ಥ ಸ್ಟ್ಯಾಂಡಿಂಗ್ ಬೇರ್‌ನ ಮಗಳು ತೀರಿಕೊಂಡ್ಲು. ಅವರನ್ನ ಕೊನೆಗೆ ತಂದುಬಿಟ್ಟ ಕಡೆ, ಈಗಿನ ಓಕ್ಲಹೋಮದಲ್ಲಿ, ಪಾಂಕಾ ಸಿಟಿ ಅಂತಾನೇ ಊರಿದೆ, ಅಲ್ಲಿ 1930ರಲ್ಲಿ ಪಯನಿಯರ್ ಹೆಂಗಸಿನ, ಅಂದ್ರೆ ಹೀಗೆ ಪಶ್ಚಿಮಕ್ಕೆ ಬಂದು ನೆಲೆಸಿದವಳ ಕಂಚಿನ ಪ್ರತಿಮೆ ನಿಲ್ಸಿದ್ರು, ಬಾನೆಟ್ ಟೋಪಿ ಹಾಕ್ಕೊಂಡು ಮಗನ ಕೈ ಹಿಡಿದು ನಡೀತಿದಾಳೆ. ಸ್ಟ್ಯಾಂಡಿಂಗ್ ಬೇರ್ ಮಗಳೂ ನಡೆದಿದ್ದಳು, ಅವಳ ಕೈಗೆ ಯಾರೂ ಅರ್ಜಿ ಫಾರಂ ಕೊಡ್ಲಿಲ್ಲ.