ಲಾರಿ ಬಂದ ಮೇಲೆ ಠರಾವು

ಸಭೆಯ ಕಾರ್ಯಸೂಚಿಯಲ್ಲಿ ‘ಘಟನೋತ್ತರ ಮಂಜೂರಾತಿ’ ಎಂದು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೆಲಸ ಆಗಿಹೋಗಿದೆ, ಇನ್ನು ನಾವು ಕಾಫಿ ಕುಡಿದು ಕೈ ಎತ್ತಿದರಾಯಿತು ಎಂದರ್ಥ.

ನಾನು ಕೆಲಸ ಮಾಡುವುದು ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಸಹಕಾರ ಸಂಘದಲ್ಲಿ. ಸದಸ್ಯರೆಲ್ಲ ಅಡಿಕೆ ಬೆಳೆಗಾರರು. ಅಡಿಕೆಗೆ ಕೊಳೆರೋಗ ತಗುಲದಂತೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ಮಳೆಗಾಲದ ಮುಂಚೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ತರಿಸುವುದೇ ನಮ್ಮ ದೊಡ್ಡ ಖರೀದಿ. ಮೂರು ಕಡೆಯಿಂದ ದರಪಟ್ಟಿ, ಆಡಳಿತ ಮಂಡಳಿಯ ಠರಾವು, ಆಮೇಲೆ ಆರ್ಡರ್, ಕ್ರಮ ಇಷ್ಟೇ. ನಮ್ಮ ಸಹೋದ್ಯೋಗಿಯೊಬ್ಬರು ಇದನ್ನು ತಿರುವುಮುರುವು ಮಾಡುತ್ತಾರೆ. ಕಳೆದ ವರ್ಷ ಸಭೆ ನಡೆಯುತ್ತಿರುವಾಗಲೇ ಗೋದಾಮಿನ ಮುಂದೆ ಲಾರಿ ರಿವರ್ಸ್ ತೆಗೆದುಕೊಳ್ಳುವ ಸದ್ದು ಕೇಳಿಸಿತು. ಹೊರಗೆ ಹಮಾಲರು ಚೀಲ ಇಳಿಸುತ್ತಿದ್ದರು, ಒಳಗೆ ನಾವು ದರ ಚರ್ಚಿಸುತ್ತಿದ್ದೆವು! ಆಮೇಲೆ ಕಡತ ತೆರೆದರೆ, ಮೂರು ದರಪಟ್ಟಿಗಳಲ್ಲಿ ಎರಡಕ್ಕೆ ಲಾರಿ ಬಂದ ಮರುದಿನದ ತಾರೀಖು.

ಕೇಳಿದರೆ ಸಿದ್ಧ ಉತ್ತರ: ‘ಕೊಳೆರೋಗ ನಿಮ್ಮ ಸಭೆಗಾಗಿ ಕಾಯುತ್ತದೆಯೇನು?’ ಕಾಯುವುದಿಲ್ಲ, ಸರಿ. ಆದರೆ ಮಲೆನಾಡಿನಲ್ಲಿ ಜೂನ್ ತಿಂಗಳಿಗೆ ಮಳೆ ಹಿಡಿಯುವುದು ಯಾವಾಗಿನಿಂದ ತುರ್ತು ಪರಿಸ್ಥಿತಿಯಾಯಿತು? 100 ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ; ಮೊದಲ ಸಲ ಮಳೆ ಹಿಡಿಯುವ ಮುನ್ನ ಹೊಡೆದರೆ, ಎರಡನೆಯದು 40-45 ದಿನಕ್ಕೆ. ಈ ಲೆಕ್ಕ ತೋಟ ಇರುವ ಎಲ್ಲರಿಗೂ ಬಾಯಿಪಾಠ. ಎಷ್ಟು ಚೀಲ ಬೇಕೆಂದು ಮಾರ್ಚ್‌ನಲ್ಲೇ ಹೇಳಬಹುದು.

ಮನುಷ್ಯ ಕಳ್ಳನಲ್ಲ, ತೊಂದರೆ ಇರುವುದೇ ಅಲ್ಲಿ. ಚುರುಕು, ಹೊತ್ತುಗೊತ್ತಿಲ್ಲದೆ ದುಡಿಯುತ್ತಾರೆ, ತಂದ ಸರಕೂ ಒಳ್ಳೆಯದೇ. ಹಾಗಾಗಿ ಎಲ್ಲರಿಗೂ ದಾಕ್ಷಿಣ್ಯ. ಮೇಲಾಗಿ ಇಲ್ಲಿ ಎಲ್ಲರೂ ಎಲ್ಲರಿಗೂ ಹೇಗೋ ನೆಂಟರು. ನಾಳೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಪಕ್ಕದ ಎಲೆಗೆ ಕೂರಬೇಕು. ‘ಈ ಸಲ ಆಗಿಹೋಯಿತು ಬಿಡಿ’ ಎನ್ನುತ್ತಾ ಪ್ರತಿ ವರ್ಷ ಮಂಜೂರು ಮಾಡುತ್ತೇವೆ. ಬೇರೆ ಕಡೆ ಚೀಲಕ್ಕೆ ಎಷ್ಟಿತ್ತೆಂದು ತಿಳಿಯದೆ ದುಡ್ಡು ತೆರುವವನು ಅರ್ಧ ಎಕರೆಯ ಸದಸ್ಯ.

ನಾನು ಈಗ ಜಗಳಕ್ಕೆ ಹೋಗುವುದಿಲ್ಲ, ಬರೆಯುತ್ತೇನೆ. ‘ಅಧ್ಯಕ್ಷರಿಗೆ ಫೋನಿನಲ್ಲಿ ಹೇಳಿದ್ದೇನೆ’ ಎಂದರೆ, ‘ಅದನ್ನೇ ಒಂದು ಸಾಲು ಬರೆದು ಸಹಿ ಹಾಕಿ ಕೊಡಿ’ ಎನ್ನುತ್ತೇನೆ. ಕೊಡದಿದ್ದರೆ ಬಿಲ್ಲಿನ ಜೊತೆ ‘ಪೂರ್ವಾನುಮತಿ ಇರುವುದಿಲ್ಲ’ ಎಂಬ ಟಿಪ್ಪಣಿ ಇಡುತ್ತೇನೆ. ಅದು ಲೆಕ್ಕಪರಿಶೋಧಕರ ಕಣ್ಣಿಗೆ ಬೀಳುತ್ತದೆ ಎಂಬುದು ಅವರಿಗೂ ಗೊತ್ತು.

ಹಾಗೆಂದು ಕಡತವನ್ನು ಮೇಜಿನಿಂದ ಮೇಜಿಗೆ ಅಲೆಸಬೇಕೆಂದಲ್ಲ. ಕೋರಂ ಇಲ್ಲದೆ ಸಭೆ ಮುಂದೆ ಹೋಗುತ್ತಲೇ ಇದ್ದರೆ ಯಾರಿಗಾದರೂ ಅಡ್ಡದಾರಿ ಹಿಡಿಯುವ ಮನಸ್ಸಾಗುತ್ತದೆ. ಇದರಲ್ಲಿ ನಿರ್ದೇಶಕರ ಪಾಲೂ ಇದೆ. ನಿಜವಾದ ತುರ್ತಿಗೆ ಇಂತಿಷ್ಟು ಮೊತ್ತದವರೆಗೆ ಕಾರ್ಯದರ್ಶಿಯೇ ಖರೀದಿಸಲಿ ಎಂದು ಮೊದಲೇ ಠರಾವು ಮಾಡಿಡಬಹುದು. ಮೈಲುತುತ್ತದ ಖರೀದಿಯನ್ನು ಮಾರ್ಚ್ ಸಭೆಯ ಮೊದಲ ವಿಷಯವಾಗಿ ಇಡಿ ಎಂದು ಬರೆದುಕೊಟ್ಟಿದ್ದೇನೆ. ಅಂದಿನಿಂದ ಆ ಮಹಾಶಯರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಬಿಡಲಿ, ದರಪಟ್ಟಿ ತಂದರೆ ಸಾಕು.