ಮಂಗನ ಹಿಕ್ಕೆಗೂ ಒಂದು ಪರ್ಮಿಟ್

ಗೋವಾದಲ್ಲಿ ಮನುಷ್ಯ ಕುಡಿಯಬೇಕೆಂದರೆ ಅಂಗಡಿಯ ಬಾಗಿಲು ತೆರೆದಿದ್ದರೆ ಸಾಕು. ಮಂಗನ ಹಿಕ್ಕೆಗೆ ಕುಡಿಸಬೇಕೆಂದರೆ ಅರ್ಜಿ, ಅಫಿಡವಿಟ್, ದಾಸ್ತಾನು ಪುಸ್ತಕ, ಬೀಗವಿರುವ ಕಪಾಟು, ಎಲ್ಲದರ ಮೇಲೆ ಅಬಕಾರಿಯವರ ಪರ್ಮಿಟ್ ಬೇಕು.

ನಗಬೇಡಿ, ಇದು ವಿಜ್ಞಾನ. ಮೊಲೆಂ, ಕೊಟಿಗಾಂವ್ ಕಡೆಯ ಕಾಡಂಚಿನಲ್ಲಿ ಕೋತಿ, ಮುಸಿಯ, ಕಾಡುಪಾಪಗಳ ಅಧ್ಯಯನಕ್ಕೆ ಕೇಂದ್ರ ನಡೆಸುವುದೆಂದರೆ ಹೆಚ್ಚಿನಂಶ ಹಿಕ್ಕೆ ಹೆಕ್ಕುವ ಕೆಲಸ. ಪ್ರಾಣಿಯನ್ನು ಹಿಡಿಯದೆ, ಸೂಜಿ ಚುಚ್ಚದೆ, ಯಾವ ಮರಿಗೆ ಯಾರು ಅಪ್ಪ ಎಂದು ತಿಳಿಯಲು ಅದಕ್ಕಿಂತ ಸಭ್ಯವಾದ ದಾರಿಯಿಲ್ಲ. ಕರುಳಿನ ಒಳಪದರದ ಜೀವಕೋಶಗಳು ಹಿಕ್ಕೆಯ ಹೊರಮೈಗೆ ಅಂಟಿಕೊಂಡು ಬರುತ್ತವೆ. ಆದ್ದರಿಂದ ಒಳಗಿನ ಮುದ್ದೆ ಬೇಡ. ಕೈಗವಸು ಹಾಕಿ, ಹೊರಮೈಯನ್ನಷ್ಟೇ ಕಡ್ಡಿಯಲ್ಲಿ ಕೆರೆದು, ಒಂದು ಕಡಲೆಕಾಯಿಯಷ್ಟನ್ನು 30 ಮಿಲಿಲೀಟರ್ ಎಥನಾಲ್, ಅಂದರೆ ಮದ್ಯಸಾರ, ಇರುವ ಟ್ಯೂಬಿಗೆ ಹಾಕಬೇಕು. 24ರಿಂದ 36 ಗಂಟೆ ನೆನೆದ ಮೇಲೆ ತೆಗೆದು, ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಮೇಲೆ ಒಣಗಿಸಬೇಕು. ಎಥನಾಲ್ ನೀರನ್ನು ಎಳೆದುಕೊಂಡು, ಡಿಎನ್‌ಎ ಕತ್ತರಿಸುವ ಕಿಣ್ವಗಳ ಕೈ ಕಟ್ಟಿಹಾಕುತ್ತದೆ. 200 ಮಾದರಿಗೆ 6 ಲೀಟರ್ ಬೇಕು. ಮದುವೆ ಮನೆಯ ಲೆಕ್ಕಕ್ಕೆ ಇದು ಏನೂ ಅಲ್ಲ.

'ಅದಕ್ಯಾಕ್ ಇಷ್ಟು ಒದ್ದಾಡ್ತೀರಿ ಸಾಹೇಬ್ರ? ಫೆನಿ ಹಾಕ್ರಲ್ಲ' ಎಂದು ಕೇಂದ್ರದ ಅಡುಗೆಗೆ ಹಾವೇರಿ ಕಡೆಯಿಂದ ಬಂದವರು ಕೇಳಿಯೇ ಕೇಳುತ್ತಾರೆ. ಪ್ರಶ್ನೆ ದಡ್ಡತನದ್ದಲ್ಲ. ಗೋಡಂಬಿ ಹಣ್ಣಿನಿಂದ ಇಳಿಸುವ ಫೆನಿಗೆ 2009ರಲ್ಲೇ ಭೌಗೋಳಿಕ ಮಾನ್ಯತೆ ಸಿಕ್ಕಿದೆ, ಮಂಗನಿಗೂ ಆ ಹಣ್ಣೇ ಪ್ರಿಯ. ಆದರೆ ಫೆನಿಯಲ್ಲಿ ಮದ್ಯಸಾರ ನೂರಕ್ಕೆ 42-45ರ ಆಸುಪಾಸು, ಉಳಿದದ್ದು ಹೆಚ್ಚುಕಡಿಮೆ ನೀರು. ಹಿಕ್ಕೆಯ ಒಳಗೂ ನೀರೇ. ಕಿಣ್ವಗಳಿಗೆ ಅಮಲೇರಬಹುದು, ಕೆಲಸ ನಿಲ್ಲಿಸವು. ನೂರಕ್ಕೆ 90 ದಾಟಿದ ಎಥನಾಲೇ ಬೇಕು. ಸ್ಪಿರಿಟ್ ಸ್ಟೋವಿನ ನೀಲಿ ಸ್ಪಿರಿಟ್ಟೂ ಆಗದು. ಕುಡಿಯಬಾರದೆಂದು ಅದಕ್ಕೆ ಬೆರೆಸಿದ ವಿಷ ಪ್ರಯೋಗಾಲಯದಲ್ಲೂ ತೊಂದರೆ ಕೊಟ್ಟೀತು.

ಅಂದಮೇಲೆ ಕಡತ. ಹಿಕ್ಕೆ ಹೆಕ್ಕಲು ಒಳ್ಳೆಯ ಕಾಲ ಮಳೆಗೆ ಮುಂಚಿನ ಮಾರ್ಚ್-ಮೇ. ಮಳೆ ಹಿಡಿದರೆ ಎಲೆಯ ಮೇಲೆ ಬಿದ್ದದ್ದು ನೋಡನೋಡುತ್ತಲೇ ಕೊಚ್ಚಿಹೋಗುತ್ತದೆ. ಅದೇ ಮೂರು ತಿಂಗಳು ಸತ್ತರಿ, ಸಾಂಗೇಂ ತೋಟಗಳಲ್ಲಿ ಗೋಡಂಬಿ ಭಟ್ಟಿಗಳು ಹಗಲುರಾತ್ರಿ ಉರಿಯುತ್ತವೆ, ಮೊದಲ ಭಟ್ಟಿಯ ಉರ್ರಾಕ್ ಕೊಡಗಟ್ಟಲೆ ಇಳಿಯುತ್ತದೆ. ಕಡತ ಮಾತ್ರ 'ಉದ್ದೇಶಿತ ಬಳಕೆದಾರರು ಯಾರು?' ಎಂಬ ಕಾಲಂನಲ್ಲಿ ತಂಗಿರುತ್ತದೆ. 'ಹಿಕ್ಕೆ' ಎಂದು ಬರೆದರೆ ಅಧಿಕಪ್ರಸಂಗ, 'ಮಂಗ' ಎಂದರೆ ಅರಣ್ಯ ಇಲಾಖೆಯ ನಿರಾಕ್ಷೇಪಣಾ ಪತ್ರ, 'ಸಂಶೋಧಕರು' ಎಂದರೆ ಆರು ಲೀಟರ್ ಯಾಕೆ ಎಂಬ ಸಂಶಯ. ಪರ್ಮಿಟ್ ಕೊನೆಗೂ ಬರುತ್ತದೆ, ಮೃಗಶಿರಾ ಮಳೆಯ ಜೊತೆಗೆ.

ಬಂತಲ್ಲ, ಇನ್ನು ನಿಶ್ಚಿಂತೆ ಎಂದುಕೊಂಡರೆ ಸಿಲಿಕಾ ಕೈಕೊಡುತ್ತದೆ. ಮಳೆಗಾಲದ ಗಾಳಿಗೇ ಕಿತ್ತಳೆ ಹರಳು ಹಸಿರಾಗುತ್ತದೆ, ಅಂದರೆ ಅದಕ್ಕೆ ಇನ್ನು ಹೀರುವ ಶಕ್ತಿಯಿಲ್ಲ. ಸುಮಾರು 120 ಡಿಗ್ರಿಯಲ್ಲಿ ಒಣಗಿಸಿದರೆ ಮತ್ತೆ ಜೀವ ಬರುತ್ತದೆ. ಓವನ್ನಿಗೆ ಕರೆಂಟು, ಕರೆಂಟಿಗೆ ಸೋಲಾರ್, ಸೋಲಾರಿಗೆ ಬಿಸಿಲು ಬೇಕು. ಮೋಡ ಕವಿದ ಜುಲೈ, ಮೇಲೆ ಮರಗಳ ಚಪ್ಪರ. ಒಲೆಯ ಮೇಲೆ ಹಂಚಿನಲ್ಲಿ ಹುರಿಯುವವರಿದ್ದಾರೆ. ಉರಿ ಹೆಚ್ಚಾದರೆ ಹರಳು ಕಪ್ಪಿಟ್ಟು ಕೆಲಸಕ್ಕೆ ಬಾರದು. ಆ ಹಂಚಿನಲ್ಲಿ ಮತ್ತೆ ರೊಟ್ಟಿ ಬೇಯಿಸಕೂಡದು, ನೀಲಿ ಹರಳಾದರಂತೂ ಕೋಬಾಲ್ಟ್ ವಿಷ. ಹೀಗಾಗಿ ಮಾದರಿಗಳು ಎಥನಾಲಿನಲ್ಲೇ ಉಳಿಯುತ್ತವೆ.

ಟ್ಯೂಬಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದರೆ ಒಂದು ಹನಿ ಎಥನಾಲ್ ಸೋರಿದರೂ ಅಕ್ಷರ ಕರಗಿ ಹೋಗುತ್ತದೆ. ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಟ್ಯೂಬಿನ ಒಳಗೇ ಹಾಕಬೇಕು. ಪರ್ಮಿಟ್ಟಿನ ನೇರಳೆ ಮೊಹರಿಗೂ ಇದೇ ಗತಿ, ಅದನ್ನು ಕಪಾಟಿನಿಂದ ದೂರವಿಡಿ.

ಮೊದಲೇ ಮರ್ಕಟ, ಮೇಲೆ ಮದ್ಯ. ಚೇಳು ಕುಟುಕುವ ಕೆಲಸವನ್ನು ಲೆಕ್ಕಪರಿಶೋಧಕರು ವಹಿಸಿಕೊಳ್ಳುತ್ತಾರೆ. ಬಂದದ್ದು ಆರು ಲೀಟರ್, ಟ್ಯೂಬುಗಳಲ್ಲಿ ಐದೂವರೆ. ಉಳಿದರ್ಧ? ಮುಚ್ಚಳ ತೆರೆದಾಗಲೆಲ್ಲ ಆವಿಯಾಗುತ್ತದೆ ಎಂದರೆ, 'ಆವಿ ಯಾರ ಸಮಕ್ಷಮ ಹೋಯಿತು?' ಎಂಬ ಷರಾ ಬೀಳುತ್ತದೆ. ಆವಿಯ ಸಹಿ ಪಡೆಯುವುದು ಹೇಗೆಂದು ಯಾವ ಸುತ್ತೋಲೆಯೂ ಹೇಳಿಲ್ಲ.

ಮಾದರಿ ಹೋಗಬೇಕಾದದ್ದು ವನ್ಯಜೀವಿಗಳ ಡಿಎನ್‌ಎ ನೋಡುವ ಹೈದರಾಬಾದಿನ ಪ್ರಯೋಗಾಲಯಕ್ಕೆ. ಹೊತ್ತಿಕೊಳ್ಳುವ ವಸ್ತುವೆಂದು ಕೊರಿಯರಿನವರು ಮುಟ್ಟುವುದಿಲ್ಲ. ಗೋವಾದ ಪರ್ಮಿಟ್ ಗೋವಾಕ್ಕೆ. ಗಡಿ ದಾಟಿದರೆ ಕರ್ನಾಟಕದ್ದು, ಮುಂದೆ ತೆಲಂಗಾಣದ್ದು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 8-1ರ ಬಹುಮತದಲ್ಲಿ ಕೈಗಾರಿಕಾ ಮದ್ಯಸಾರದ ಮೇಲೂ ರಾಜ್ಯಗಳಿಗೆ ಅಧಿಕಾರವಿದೆ ಎಂದಿದೆ. ಮೂರು ರಾಜ್ಯಗಳು ಒಂದು ಕೋತಿಯ ಹೊಟ್ಟೆಯ ಬಗ್ಗೆ ಒಮ್ಮತಕ್ಕೆ ಬರುವವರೆಗೆ ಆ ಕೋತಿಗೆ ಮೊಮ್ಮಕ್ಕಳಾಗಿರುತ್ತವೆ.

ವಾಸ್ಕೋದಿಂದ ಊರಿಗೆ ಹೊರಡುವ ನಮ್ಮವರಿಗೆ ಗಡಿಯ ಅನಮೋಡ್ ಚೆಕ್‌ಪೋಸ್ಟ್ ಗೊತ್ತೇ ಇದೆ. ಬಟ್ಟೆಯ ಗಂಟಿನಲ್ಲಿ ಸುತ್ತಿಟ್ಟ ಬಾಟಲಿ ಅಲ್ಲಿ ಒಮ್ಮೊಮ್ಮೆ ಪಾರಾಗುತ್ತದೆ. ಥರ್ಮೋಕೋಲ್ ಡಬ್ಬಿಯಲ್ಲಿ ಸಾಲಾಗಿ ಕೂತ 200 ಟ್ಯೂಬುಗಳಿಗೆ ಆ ಭಾಗ್ಯವಿಲ್ಲ. ಕೋಲು ಹಿಡಿದವರು ಒಂದನ್ನೆತ್ತಿ, ಮುಚ್ಚಳ ತಿರುವಿ, ಮೂಗಿಗೆ ಹಿಡಿಯುತ್ತಾರೆ. ವಾಸನೆ ಖಚಿತ, ಬಣ್ಣ ರಮ್ಮಿನದು.

'ಯಾವ ಕಂಪನಿದ್ರೀ ಇದು?'

ಒಳಗಿನ ಚೀಟಿ ಓದಿಕೊಳ್ಳಲಿ: ಗಂಡು, ಪ್ರಾಯದ್ದು, ಬಲಗಿವಿ ಹರಿದಿದೆ, ಬೆಳಿಗ್ಗೆ 7.10.