ಅಥೆನ್ಸಿನ ಗೂಬೆ ನಾಣ್ಯ ಕೊಳ್ಳೋರು ಚೀಟಿ ಓದಬೇಡಿ, ಅಥೀನಾಳ ಕಣ್ಣು ನೋಡಿ

ಒಂದು ಕಡೆ ಅಥೀನಾ ದೇವಿ, ಇನ್ನೊಂದು ಕಡೆ ಗೂಬೆ. ಈ ಬೆಳ್ಳಿಯ ಟೆಟ್ರಾಡ್ರಾಕ್ಮ್ (ಹಳೇ ಗ್ರೀಕರ ನಾಲ್ಕು ಡ್ರಾಕ್ಮಾ ನಾಣ್ಯ) ಮಾರೋರು ‘ಅತಿ ಅಪರೂಪ, ಕ್ರಿ.ಪೂ. 450’ ಅಂತ ಚೀಟಿ ಅಂಟಿಸಿದ್ದರೆ ಎರಡನ್ನೂ ನಂಬಬೇಡಿ. ಕ್ರಿ.ಪೂ. 5ನೇ ಶತಮಾನದಲ್ಲಿ ಅಥೆನ್ಸ್ ಹತ್ತಿರದ ಲಾರಿಯಂ ಗಣಿಯ ಬೆಳ್ಳಿಯಿಂದ ಇವು ರಾಶಿರಾಶಿಯಾಗಿ ಅಚ್ಚಾದವು, ಇವತ್ತಿಗೂ ಧಾರಾಳವಾಗಿ ಸಿಗುತ್ತವೆ. ನಾಣ್ಯದ ಮೇಲೆ ಇಸವಿಯಂತೂ ಇರುವುದೇ ಇಲ್ಲ.

ಕಾಲ ಹೇಳೋದು ಕೆತ್ತನೆ. ಅಥೀನಾಳ ಶಿರಸ್ತ್ರಾಣದ ಮೇಲೆ ಮೂರು ಆಲಿವ್ ಎಲೆ, ಗೂಬೆಯ ಪಕ್ಕ ಪುಟ್ಟ ಚಂದ್ರ ಇದ್ದರೆ ಪರ್ಷಿಯನ್ ಯುದ್ಧದ (ಕ್ರಿ.ಪೂ. 480ರ ಆಸುಪಾಸು) ನಂತರದ್ದು. ಮುಖ ಪಕ್ಕಕ್ಕಿದ್ದೂ ಕಣ್ಣು ಮಾತ್ರ ಬಾದಾಮಿಯ ಆಕಾರದಲ್ಲಿ ಪೂರ್ತಿ ನಮ್ಮ ಕಡೆಗಿದ್ದರೆ 5ನೇ ಶತಮಾನ. ಕಣ್ಣೂ ಪಕ್ಕಕ್ಕೆ ತಿರುಗಿದ್ದರೆ 4ನೇ ಶತಮಾನ. ಗೂಬೆ ಹೂಜಿಯ ಮೇಲೆ ನಿಂತಿದ್ದರೆ ಅದು ಇನ್ನೂ ತಡವಾದ ಹೊಸ ಶೈಲಿ. ಇದರಲ್ಲಿ ಅಧಿಕಾರಿಗಳ ಹೆಸರಿರುತ್ತೆ, ಹೂಜಿಯ ಮೇಲಿನ ಅಕ್ಷರ ಯಾವ ತಿಂಗಳು ಅಂತಲೂ ಹೇಳುತ್ತೆ, ಆದರೆ ವರ್ಷ ಹೇಳಲ್ಲ. ಅದಕ್ಕೇ 1961ರಲ್ಲಿ ನಾಣ್ಯತಜ್ಞೆ ಮಾರ್ಗರೆಟ್ ಥಾಂಪ್ಸನ್ ಈ ಶೈಲಿಯ ಆರಂಭವನ್ನು ಕ್ರಿ.ಪೂ. 196ರ ಹೊತ್ತಿಗೆ ಇಟ್ಟರೆ, ಈಗ ಹೆಚ್ಚಿನವರು ಒಪ್ಪೋದು ಸುಮಾರು 165ನ್ನು. ಬಲ್ಲವರ ನಡುವೆಯೇ ಮೂವತ್ತು ವರ್ಷದ ವ್ಯತ್ಯಾಸ ಇರುವಾಗ ಚೀಟಿಯ ಮೇಲಿನ ಒಂಟಿ ಇಸವಿಗೆ ಏನು ಬೆಲೆ?

ಆಮೇಲೆ ತೂಕ. 5ನೇ ಶತಮಾನದ್ದು ಸುಮಾರು 17.2 ಗ್ರಾಂ ಇರಬೇಕು. ತೂಕವೊಂದೇ ಸಾಲದು, ಸಾಂದ್ರತೆಯನ್ನೂ ಅಳೆಯಿರಿ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ಪೂರ್ತಿ ಮುಳುಗಿಸಿ. 17.15 ಗ್ರಾಂ ನಾಣ್ಯಕ್ಕೆ ತಕ್ಕಡಿ 1.65 ತೋರಿಸಿದರೆ ಭಾಗಿಸಿದಾಗ 10.4 ಬರುತ್ತೆ, ಅದು ಒಳ್ಳೆಯ ಬೆಳ್ಳಿ. 9ರ ಆಸುಪಾಸು ಬಂದರೆ ಒಳಗೆ ತಾಮ್ರ ಇರುವ ಸಾಧ್ಯತೆ ಹೆಚ್ಚು. ನಾಣ್ಯ ತಳ ಮುಟ್ಟಿದರೆ, ಮೈಗೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತೆ. ಒಳ್ಳೆ ಬೆಳ್ಳಿಯಲ್ಲೇ ಅಚ್ಚು ಹಾಕಿದ ನಕಲಿ ಇದರಲ್ಲಿ ಸಿಕ್ಕಿಬೀಳಲ್ಲ. ಅದಕ್ಕೆ ಹರಾಜಿನ ಹಳೇ ಫೋಟೋಗಳ ಜೊತೆ ಹೋಲಿಸಬೇಕು. ಅಂಚಿನ ಬಿರುಕು, ಕಲೆ ಕೂಡ ಇನ್ನೊಂದು ನಾಣ್ಯದಲ್ಲಿ ಹಾಗ್ಹಾಗೇ ಇದ್ದರೆ ಕೊಳ್ಳಬೇಡಿ.

ಉಳಿಯಿಂದ ಕಡಿದ ಗುರುತಿರುವ ನಾಣ್ಯವನ್ನು ಬಹಳ ಜನ ಬೇಡ ಅಂತಾರೆ. ನನಗೆ ಅದೇ ಇಷ್ಟ. ಬೆಳ್ಳಿ ಒಳಗೂ ಇದೆಯಾ ಅಂತ ಅಂದಿನ ವ್ಯಾಪಾರಿಗಳು ಕಡಿದು ನೋಡಿದ ಗುರುತು ಅದು, ಬೆಲೆಯೂ ಕಡಿಮೆ. ಕಡಿದ ಜಾಗ ಮಾತ್ರ ಫಳಫಳ ಹೊಳೆಯುತ್ತಿದ್ದರೆ ಯಾರೋ ಈಗ ಕಡಿದದ್ದು.

ದಯವಿಟ್ಟು ಮನೆಯ ಬೆಳ್ಳಿ ದೀಪದ ಹಾಗೆ ವಿಭೂತಿ, ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ. ಕಪ್ಪು ಪದರ ಹೋದರೆ ಬೆಲೆಯೂ ಹೋಯಿತು. ಮಣ್ಣಿದ್ದರೆ ಡಿಸ್ಟಿಲ್ಡ್ ನೀರಲ್ಲಿ ನೆನೆಹಾಕಿ, ನೀರು ಬದಲಿಸುತ್ತಿರಿ. ಹಳೇ ಬೆಳ್ಳಿ ಒಳಗೇ ಹರಳುಗಟ್ಟಿ ಪೆಡಸಾಗಿರಬಹುದು, ಕೈಜಾರಿ ಬಿದ್ದರೆ ಎರಡು ಹೋಳಾಗುತ್ತೆ. ಬಟ್ಟೆ ಹಾಸಿಕೊಂಡೇ ಹಿಡಿಯಿರಿ. ಮೆತ್ತನೆಯ ಪಿವಿಸಿ ಕವರಿನಲ್ಲಿಟ್ಟರೆ ಹಸಿರು ಅಂಟು ಬಿಡುತ್ತೆ, ಮೈಲಾರ್ (ಪಾಲಿಯೆಸ್ಟರ್ ಹಾಳೆಯ) ಕವರ್ ಬಳಸಿ.